ರಣಹದ್ದುಗಳ ವಿಷಯವಾದ ಪಾಠ

ಸತ್ತ ದನವನ್ನು ತಿಂದು ಊರ ಹೊರವಲಯವನ್ನು ಶುಚಿಮಾಡುತ್ತಿದ್ದ ರಣಹದ್ದುಗಳು ಈಗ ಅಪರೂಪವಾದದ್ದು ಯಾಕೆ? ದನಗಳ ನೋವು ನೀಗಲೆಂದು ಕೊಟ್ಟ ಡೈಕ್ಲೋಫೆನಾಕ್ ಎಂಬ ಔಷಧವೇ ಅದಕ್ಕೆ ಮುಖ್ಯ ಕಾರಣವು. ಆ ಔಷಧವನ್ನು ಹೊಂದಿ ಸ್ವಲ್ಪ ದಿವಸದೊಳಗೆ ಸತ್ತ ದನದ ಮಾಂಸವನ್ನು ತಿಂದರೆ ಈ ಪಕ್ಷಿಯ ಮೂತ್ರಪಿಂಡಗಳು ಕೆಟ್ಟು ಅದು ಸಾಯುತ್ತದೆ. ಪಾಕಿಸ್ತಾನದಲ್ಲಿ ಶೋಧನೆಮಾಡಿದ ಪಂಡಿತರು ಇದನ್ನು ೨೦೦೪ನೇ ಇಸವಿಯಲ್ಲಿ ಪ್ರಕಟಿಸಿದರು.

೨೦೦೬ರಲ್ಲಿ ನಮ್ಮ ಸರಕಾರವು ಪಶುಗಳಿಗಾಗಿ ಅದನ್ನು ತಯಾರಿಸುವದನ್ನು ನಿಷೇಧಿಸಿತು. ೨೦೧೨ರಲ್ಲಿ ರಾಮನಗರದ ರಾಮದೇವರಬೆಟ್ಟವು ರಣಹದ್ದುಗಳ ಧಾಮವಾಯಿತು. ಆದರೂ ಈ ಪಕ್ಷಿಗಳು ಆಹಾರಕ್ಕಾಗಿ ಬಹುದೂರ ಹಾರಿ ಹಳ್ಳಿಗಳ ಕಡೆಗೂ ಬರುತ್ತವೆ. ಆದಕಾರಣ ಮನುಷ್ಯರಿಗೋಸ್ಕರ ಮಾರುವ ಡೈಕ್ಲೋಫೆನಾಕ್ ಸೂಜಿಮದ್ದನ್ನು ಅಂಗಡಿಯಿಂದ ತಂದು ದನಕ್ಕೆ ಚುಚ್ಚಬಾರದು. ಪಶುವೈದ್ಯರ ಬಳಿಗೆ ಹೋಗಿ, ರಣಹದ್ದುಗಳಿಗೆ ಕೇಡುಮಾಡದ ಮೆಲಾಕ್ಸಿಕಾಮ್ ಎಂಬ ಔಷಧವನ್ನು ಕೇಳತಕ್ಕದ್ದು. ಇದು ಪ್ರತಿ ಒಕ್ಕಲಿನವನ ಕೈಯಲ್ಲಿರುವ ಕೆಲಸವೇ.