ಮಳೆನಾಡಿಗೊಂದು ಕ್ಯಾಮೆರಾ ಬ್ಯಾಗು

ಕರಾವಳಿಯಲ್ಲಿ ಫೋಟೊ ತೆಗೆದು ಹೊಟ್ಟೆ ಹೊರೆಯುವವರಿಗೆ ವರ್ಷದಲ್ಲಿ ನಾಲ್ಕು ತಿಂಗಳು ಮಳೆ, ಉಳಿದದ್ದು ಬೆವರು. ಮದುವೆ, ಕಂಬಳ, ಯಕ್ಷಗಾನ, ನೆರೆ ಬಂದರೆ ಪತ್ರಿಕೆಗೆ ನಾಲ್ಕು ಚಿತ್ರ, ಹೀಗೆ ಸಾಗುತ್ತದೆ ನನ್ನ ಬದುಕು. ಈ ನಡುವೆ ನಮ್ಮ ಅಟ್ಟದಲ್ಲಿ ಕೆಲಸಕ್ಕೆ ಬಾರದ ಬ್ಯಾಗುಗಳದ್ದೇ ಒಂದು ರಾಶಿ ಬಿದ್ದಿದೆ. ‘ಯಾವ ಬ್ಯಾಗು ತಗೊಳ್ಳಲಿ ಅಣ್ಣ?’ ಎಂದು ಹೊಸ ಹುಡುಗರು ಕೇಳಿದರೆ ಕಂಪನಿ ಹೆಸರು ಹೇಳಲು ನನಗೆ ಧೈರ್ಯ ಸಾಲದು. ಯಾವುದು ಎಲ್ಲಿ ಕೈಕೊಟ್ಟಿತು ಎಂಬುದನ್ನು ಮಾತ್ರ ಹೇಳಬಲ್ಲೆ.

1. ಸೋರುವುದು ಬಟ್ಟೆಯಲ್ಲ, ಹೊಲಿಗೆ

ಅಂಗಡಿಯವರು ಒಂದು ಲೋಟ ನೀರನ್ನು ಬ್ಯಾಗಿನ ಮುಚ್ಚಳದ ಮೇಲೆ ಸುರಿದರು. ಕೆಸುವಿನೆಲೆಯ ಮೇಲೆ ಬಿದ್ದ ಹಾಗೆ ಹನಿಗಳು ಉರುಳಿ ಹೋದವು. ಅಷ್ಟಕ್ಕೇ ಸೋತು ದುಡ್ಡು ಎಣಿಸಿಬಿಟ್ಟೆ. ಅದೇ ಬ್ಯಾಗನ್ನು ಹೆಗಲಿಗೇರಿಸಿ ಆಗುಂಬೆಗೆ ಹೋದದ್ದು ಪುನರ್ವಸು ಮಳೆಯಲ್ಲಿ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿಗೆ ಲೋಟದ ಪರೀಕ್ಷೆಯಲ್ಲಿ ಪಾಸಾದ ಬ್ಯಾಗು! ಬಸ್ ನಿಲ್ದಾಣದಲ್ಲಿ ತೆರೆದು ನೋಡಿದರೆ ಲೆನ್ಸಿನ ಬುಡ ನೀರಲ್ಲಿತ್ತು. ಹೊರಗಿನ ಬಟ್ಟೆಗೆ ಏನೂ ಆಗಿರಲಿಲ್ಲ. ತಳದ ಹೊಲಿಗೆಯ ಉದ್ದಕ್ಕೂ ಒಳಗಡೆ ಸಾಲಾಗಿ ಹನಿಗಳು ಕೂತಿದ್ದವು, ಒಂದೊಂದು ಸೂಜಿತೂತಿಗೆ ಒಂದೊಂದು.

ಸೂಜಿ ಹಾಯ್ದ ಕಡೆಯೆಲ್ಲ ಬಟ್ಟೆಗೆ ತೂತು ಬಿದ್ದಿರುತ್ತದೆ. ಆ ತೂತಿನಲ್ಲಿರುವ ದಾರ ನೀರನ್ನು ಹೀರಿ ಒಳಕ್ಕೆ ದಾಟಿಸುತ್ತದೆ. ಒಳ್ಳೆಯ ಬ್ಯಾಗುಗಳಲ್ಲಿ ಹೊಲಿಗೆಯ ಒಳಮೈಗೆ ಟೇಪು ಅಂಟಿಸಿರುತ್ತಾರೆ. ಒಳಗಿನ ಮೆತ್ತೆ ಸರಿಸಿ ಬೆರಳಾಡಿಸಿದರೆ ತಿಳಿಯುತ್ತದೆ. ಲೋಟದ ನೀರು ತೋರಿಸುವುದು ಮೇಲಿನ ಲೇಪವನ್ನಷ್ಟೇ. ಅದು ತಿಕ್ಕಾಟಕ್ಕೆ ಒಂದೆರಡು ಮಳೆಗಾಲದಲ್ಲಿ ಸವೆದುಹೋಗುವಂಥದ್ದು.

ಈಗ ನಾನು ಹೊಸ ಬ್ಯಾಗಿಗೆ ಹಳೆಯ ದಿನಪತ್ರಿಕೆ ತುಂಬಿ, ಮಳೆ ಬರುವಾಗ ಸೂರಿನ ನೀರು ಬೀಳುವಲ್ಲಿ ಕಾಲು ಗಂಟೆ ಇಡುತ್ತೇನೆ. ಯಾವ ಹಾಳೆ ಯಾವ ಮೂಲೆಯಲ್ಲಿ ಒದ್ದೆಯಾಯಿತು ಎಂದು ನೋಡಿದರೆ ಬ್ಯಾಗಿನ ಜಾತಕ ಗೊತ್ತಾಗುತ್ತದೆ. ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ ಇದನ್ನು ಮಾಡಿ. ಅಂಗಡಿಯವರು ಒದ್ದೆ ಬ್ಯಾಗು ತಗೊಳ್ಳುವುದಿಲ್ಲ, ಒಣಗಿಸಿಯೇ ಕೊಡಬೇಕಾಗುತ್ತದೆ ಅಷ್ಟೆ.

2. ಜಿಪ್ಪನ್ನು ಅರ್ಧ ನಂಬಿ, ಮುಚ್ಚಳವನ್ನು ಮುಕ್ಕಾಲು

ರಬ್ಬರಿನಂಥ ಪೊರೆ ಇರುವ ಜಿಪ್ಪುಗಳು ತುಂತುರನ್ನು ತಡೆಯುತ್ತವೆ. ಜಡಿಮಳೆಯಲ್ಲಿ ನೀರು ಹುಡುಕುವುದು ಜಿಪ್ಪಿನ ತುದಿಯನ್ನು, ಓಡುವ ಕೊಂಡಿ ಬಂದು ನಿಲ್ಲುವ ಆ ಸಣ್ಣ ಸಂದನ್ನು. ಅದರ ಮೇಲೆ ಬಟ್ಟೆಯ ಗೂಡು ಇದೆಯೇ ನೋಡಿ. ಸಮುದ್ರದ ಬದಿಯವರಿಗೆ ಇನ್ನೊಂದು ಪೀಡೆ ಇದೆ: ಉಪ್ಪುಗಾಳಿಗೆ ಲೋಹದ ಜಿಪ್ಪು ಕಚ್ಚಿ ಹಿಡಿದು, ಎಳೆದರೂ ಜಪ್ಪಯ್ಯ ಅನ್ನುವುದಿಲ್ಲ. ಪ್ಲಾಸ್ಟಿಕ್ ಹಲ್ಲಿನದೇ ವಾಸಿ. ಎಲ್ಲಕ್ಕಿಂತ ಮೇಲು, ಎರಡೂ ಪಕ್ಕಕ್ಕೆ ಕಿವಿಯಂತೆ ಇಳಿದು ಮುಚ್ಚುವ ಅಗಲವಾದ ಮುಚ್ಚಳ.

ಮುಚ್ಚಳಕ್ಕೆ ವೆಲ್ಕ್ರೊ ಮಾತ್ರ ಇದ್ದರೆ ಯೋಚಿಸಿ. ಒಂದು ಶ್ರದ್ಧಾಂಜಲಿ ಸಭೆಯಲ್ಲಿ ಎಲ್ಲರೂ ಎದ್ದು ನಿಂತು ಮೌನ ಆಚರಿಸುತ್ತಿದ್ದಾಗ ನಾನು ಲೆನ್ಸ್ ಬದಲಿಸಲು ಹೋದೆ. ಪರ್ರ್ ಎಂದ ಸದ್ದಿಗೆ ಮೊದಲ ಸಾಲು ಪೂರ್ತಿ ತಿರುಗಿ ನೋಡಿತು.

3. ಪಟ್ಟಿ ಬ್ಯಾಗಿನ ಅಡಿಯಿಂದ ಬಂದಿರಲಿ

ಕಂಬಳದಲ್ಲಿ ಕನೆಹಲಗೆ ಎಂಬ ವಿಭಾಗವಿದೆ. ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಗೆ ಕೋಣಗಳ ಓಟದಿಂದ ಚಿಮ್ಮಿದ ನೀರು ತಾಗಬೇಕು. ಆ ಚಿತ್ರ ಬೇಕೆಂದರೆ ಕರೆಯ, ಅಂದರೆ ಕೋಣಗಳು ಓಡುವ ಕೆಸರುಗದ್ದೆಯ, ಬದಿಗೇ ನಿಲ್ಲಬೇಕು. ನಿಂತರೆ ಕೆಸರುನೀರು ಮೈಮೇಲೆ. ಹಾಗೆ ಒಮ್ಮೆ ನೀರಿಗೆ ಹೆದರಿ ಹಿಂದಕ್ಕೆ ಜಿಗಿದಾಗ ಪಟ್ಟಿಯ ಕೊಂಡಿ ಪಟ್ಟನೆ ತುಂಡಾಗಿ, ಬ್ಯಾಗು ನೆಟ್ಟಗೆ ಕೆಸರಿಗೆ ಬಿತ್ತು. ತುಂಡಾದ ಜಾಗ ನೋಡಿದರೆ ಒಳಗೆಲ್ಲ ಬೂದುಬಣ್ಣದ, ಪುಡಿಪುಡಿಯಾದ ಅಗ್ಗದ ಎರಕ. ಹೊಳಪೆಲ್ಲ ಮೇಲ್ಮೈಗೆ ಮಾತ್ರ.

ರಿಪೇರಿಯವರು ಕೊಂಡಿಯನ್ನು ಕೈಯಲ್ಲಿ ತೂಗಿ ನೋಡಿ, ‘ಎಂತ ಮಾರಾಯ್ರೆ, ಇಷ್ಟು ದುಡ್ಡಿನ ಕ್ಯಾಮೆರಾವನ್ನು ಇದಕ್ಕೆ ನೇತು ಹಾಕಿದ್ದಾ?’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರೇ ಆ ಬ್ಯಾಗಿಗೆ ಹಿತ್ತಾಳೆಯ ಬಳೆ ಹಾಕಿ, ಅಗಲದ ಹತ್ತಿಪಟ್ಟಿಯನ್ನು ತಳದಡಿಯಿಂದ ಸುತ್ತಿ ಹೊಲಿದುಕೊಟ್ಟರು.

ಇದು ಹೊಸ ಉಪಾಯವೇನಲ್ಲ ಎಂದು ಆಮೇಲೆ ತಿಳಿಯಿತು. ಅಮೆರಿಕದ ಫಿಲಡೆಲ್ಫಿಯಾ ಇನ್‌ಕ್ವೈರರ್ ಪತ್ರಿಕೆಯ ಛಾಯಾಗ್ರಾಹಕ ಜಿಮ್ ಡೋಮ್ಕೆ 1970ರ ದಶಕದಲ್ಲಿ ತನ್ನ ಕೆಲಸಕ್ಕೆಂದು ಮಾಡಿಸಿಕೊಂಡ ಕ್ಯಾನ್‌ವಾಸ್ ಬ್ಯಾಗಿನಲ್ಲಿ ಪಟ್ಟಿ ಬ್ಯಾಗನ್ನು ಅಡಿಯಿಂದ ಹೊತ್ತು ಬರುತ್ತದೆ. ಹೆಗಲಿನಿಂದ ಜಾರದಿರಲು ಪಟ್ಟಿಯಲ್ಲಿ ರಬ್ಬರ್ ಎಳೆಗಳನ್ನೂ ನೇಯ್ದಿದ್ದಾರೆ. ದಿನವಿಡೀ ಭಾರ ಹೊತ್ತವರ ತಲೆಗೇ ಹೊಳೆಯುವ ಸಂಗತಿಗಳಿವು.

4. ಡೀನಿಯರ್ ಅಂಕಿಗೆ ಮರುಳಾಗಬೇಡಿ

1000 ಡೀನಿಯರ್, 1680 ಡೀನಿಯರ್ ಎಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದಿರುತ್ತದೆ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ ಅದು. ನೂಲು ಎಷ್ಟು ದಪ್ಪ ಎಂದು ತಿಳಿಯುತ್ತದೆ, ನೇಯ್ಗೆ ಹೇಗಿದೆ, ಲೇಪ ಎಂಥದ್ದು ಎಂಬುದು ತಿಳಿಯುವುದಿಲ್ಲ. ನಮ್ಮ ಕಡೆ ಬ್ಯಾಗು ಹರಿದು ಸಾಯುವುದಕ್ಕಿಂತ ಲೇಪ ಕಿತ್ತು ಸಾಯುವುದೇ ಹೆಚ್ಚು. ನೈಲಾನಿನ ಒಳಮೈಗೆ ಬಳಿದ ಪಾಲಿಯುರೆಥೇನ್, ಹವೆಯ ತೇವಕ್ಕೆ ನಿಧಾನವಾಗಿ ಒಡೆದು ಅಂಟಂಟಾಗುತ್ತದೆ, ಆಮೇಲೆ ಹೊಟ್ಟಿನಂತೆ ಉದುರುತ್ತದೆ. ಬಳಸದೆ ಇಟ್ಟರೂ ಬಿಡುವುದಿಲ್ಲ. ದುಬಾರಿ ಬ್ಯಾಗೊಂದನ್ನು ಒಳ್ಳೆಯ ಕೆಲಸ ಸಿಕ್ಕಾಗ ತೆಗೆದರಾಯಿತು ಎಂದು ಕಪಾಟಿನಲ್ಲಿ ಜೋಪಾನ ಮಾಡಿದ್ದೆ. ಒಳ್ಳೆಯ ಕೆಲಸ ಸಿಗುವಷ್ಟರಲ್ಲಿ ಅದರ ಒಳಮೈ ಕೈಗೆ ಮೆತ್ತಿಕೊಳ್ಳುತ್ತಿತ್ತು.

ಮೇಣ ಹಚ್ಚಿದ ಕ್ಯಾನ್‌ವಾಸ್ ಭಾರ ಹೌದು, ಬಿಸಿಲಿಗೆ ಅಂಗಿಗೂ ಮೇಣ ಹತ್ತುತ್ತದೆ. ಆದರೆ ಸವೆದರೆ ಮತ್ತೆ ಹಚ್ಚಬಹುದು. ಇಂಗ್ಲೆಂಡಿನ ಬಿಲಿಂಗ್‌ಹ್ಯಾಮ್‌ನವರು ಎರಡು ಪದರ ಬಟ್ಟೆಯ ನಡುವೆ ರಬ್ಬರ್ ಪದರ ಸೇರಿಸಿ ಬೆಸೆಯುತ್ತಾರೆ. ಬೆಲೆ ಕೇಳಿ ನಾನು ಅಂಗಡಿಯಿಂದ ವಿನಯವಾಗಿ ಹೊರಬಂದಿದ್ದೇನೆ.

5. ಒಳಗೆ ಸಿಕ್ಕಿಬಿದ್ದ ತೇವ ಮಳೆಗಿಂತ ಕೆಟ್ಟದ್ದು

ಇದು ನನಗೆ ಎಲ್ಲಕ್ಕಿಂತ ದುಬಾರಿ ಬಿದ್ದ ಪಾಠ. ನೀರು ನುಗ್ಗದ ಬ್ಯಾಗಿನಿಂದ ನೀರು ಹೊರಗೂ ಹೋಗುವುದಿಲ್ಲ ಎಂಬುದು ಹೊಳೆಯಲೇ ಇಲ್ಲ. ಲೆನ್ಸ್ ಒರೆಸಿದ ಒದ್ದೆ ಬೈರಾಸನ್ನು ಒಳಗೇ ತುರುಕಿ, ಬಿಗಿಯಾಗಿ ಮುಚ್ಚಿ, ಆಟಿ ತಿಂಗಳಲ್ಲಿ ಕೆಲಸವಿಲ್ಲವೆಂದು ಮೂಲೆಗಿಟ್ಟೆ. ಚೌತಿಗೆ ತೆಗೆದಾಗ ಚರ್ಮದ ಪಟ್ಟಿಗೆ ಹಸಿರು ಬೂಷ್ಟು. ಲೆನ್ಸನ್ನು ಬೆಳಕಿಗೆ ಹಿಡಿದರೆ ಗಾಜಿನ ಅಂಚಿನಿಂದ ಒಳಕ್ಕೆ ಬಿಳಿ ಎಳೆಗಳು ಕವಲೊಡೆದು ಹಬ್ಬಿದ್ದವು. ಬಿಚ್ಚಿಸಿ ಒರೆಸಿದ ಮೇಲೂ ಕೋಟಿಂಗ್ ಮೇಲೆ ಅದರ ಗುರುತು ಉಳಿಯಿತು. ಈಗಲೂ ಎದುರು ಬಿಸಿಲಿಗೆ ಹಿಡಿದರೆ ಚಿತ್ರ ಮಂಕಾಗುತ್ತದೆ.

ಅಂದಿನಿಂದ ಬ್ಯಾಗು ಸಾಗಿಸುವುದಕ್ಕೆ ಮಾತ್ರ, ಇಡುವುದಕ್ಕಲ್ಲ. ಮನೆಗೆ ಬಂದ ಕೂಡಲೇ ಎಲ್ಲ ಹೊರಗೆ. ಮೆತ್ತೆಗಳನ್ನು ಕಿತ್ತು ಫ್ಯಾನಿನಡಿ ಹರಡುತ್ತೇನೆ, ಹಾಗಾಗಿ ಮೆತ್ತೆ ಕೀಳಲು ಬರುವ ಬ್ಯಾಗನ್ನೇ ಕೊಳ್ಳುತ್ತೇನೆ. ಕ್ಯಾಮೆರಾ, ಲೆನ್ಸುಗಳು 40ರಿಂದ 50 ಶೇಕಡ ತೇವಾಂಶದ ಡ್ರೈ ಕ್ಯಾಬಿನೆಟ್ಟಿಗೆ. ಅದು ಇಲ್ಲದ ಕಾಲದಲ್ಲಿ ಬಿಗಿ ಮುಚ್ಚಳದ ಅಕ್ಕಿಡಬ್ಬಿಗೆ ಸಿಲಿಕಾ ಜೆಲ್ ಹಾಕಿ ಇಡುತ್ತಿದ್ದೆ, ಅದೂ ಸಾಕಾಗುತ್ತಿತ್ತು. ಬಣ್ಣ ಬದಲಾದ ಜೆಲ್ಲನ್ನು ಬಿಸಿ ಮಾಡಿ ಒಣಗಿಸಿದರೆ ಮತ್ತೆ ಕೆಲಸ ಮಾಡುತ್ತದೆ.

ಬಿಗಿಯಾದ ಬ್ಯಾಗಿನಿಂದ ಒಂದು ಲಾಭವೂ ಇದೆ. ಎ.ಸಿ. ಹಾಲಿನ ಮದುವೆ ಮುಗಿಸಿ ಹೊರಗಿನ ಸೆಕೆಗೆ ಬಂದಾಗ ತಣ್ಣಗಿನ ಗಾಜಿನ ಮೇಲೆ ಮಂಜು ಕೂರುತ್ತದೆ. ಒಳಗಿರುವಾಗಲೇ ಕ್ಯಾಮೆರಾವನ್ನು ಬ್ಯಾಗಿಗೆ ಹಾಕಿ ಮುಚ್ಚಿ, ಹೊರಗೆ ಬಂದು ಅರ್ಧ ಗಂಟೆ ತೆರೆಯದಿದ್ದರೆ ಆ ಕಾಟವಿಲ್ಲ.

6. ಬೇಕೆನಿಸಿದ್ದಕ್ಕಿಂತ ಒಂದು ಅಳತೆ ಚಿಕ್ಕದು

ಜಾಗವಿದ್ದಷ್ಟೂ ತುಂಬುತ್ತೇವೆ. ಒಂದು ಬಾಡಿ, ಒಂದು 24–70 ಲೆನ್ಸು, ಒಂದು 70–200 ಲೆನ್ಸು ಸೇರಿದರೇ ಮೂರು ಕಿಲೋ ಹತ್ತಿರ. ಬ್ಯಾಗಿನ ಭಾರ ಬೇರೆ. ಅದೆಲ್ಲ ಒಂದೇ ಹೆಗಲಿಗೆ. ಉಳಿದದ್ದನ್ನು ಎಲುಬು ಡಾಕ್ಟರು ಹೇಳುತ್ತಾರೆ.

7. ಮಳೆ ಕವರನ್ನು ಬ್ಯಾಗಿಗೆ ಕಟ್ಟಿ

ಇಷ್ಟೆಲ್ಲ ನೋಡಿ ಕೊಂಡರೂ ಕವರು ಬೇಕೇ ಬೇಕು. ಆದರೆ ಹೆಗಲಬ್ಯಾಗಿನ ಕವರಿನಲ್ಲಿ ಪಟ್ಟಿ ಹೊರಬರುವಲ್ಲಿ ಸಂದು ಇರುತ್ತದೆ, ಮಳೆನೀರು ಪಟ್ಟಿಗುಂಟ ಹರಿದು ಬಂದು ಅಲ್ಲೇ ಒಳಗಿಳಿಯುತ್ತದೆ. ಆ ಸಂದಿನ ಮೇಲ್ಗಡೆ ಪಟ್ಟಿಗೆ ಕರವಸ್ತ್ರವನ್ನೋ ದಾರವನ್ನೋ ಬಿಗಿದು ಕಟ್ಟಿದರೆ ನೀರು ಅಲ್ಲಿಯೇ ತೊಟ್ಟಿಕ್ಕಿ ಕೆಳಗೆ ಬೀಳುತ್ತದೆ. ಕವರಿನ ಅಂಚಿಗೂ ಒಂದು ದಾರ ಹೊಲಿದು ಬ್ಯಾಗಿಗೆ ಗಂಟು ಹಾಕಿಡಿ. ನನ್ನ ಮೊದಲ ಕವರು ಮಲ್ಪೆಯ ಬಂದರಿನಲ್ಲಿ ಗಾಳಿಗೆ ಹಾರಿ, ಲಂಗರು ಹಾಕಿದ್ದ ದೋಣಿಯೊಂದರ ಮೇಲೆ ಕೂತಿತು. ಮೀನುಗಾರರು ಅದನ್ನು ಎಂಜಿನ್ನಿಗೆ ಹೊದಿಸಿ ಚೆನ್ನಾಗಿಯೇ ಬಳಸಿಕೊಂಡರು.