ಐದು ಮಣ್ಣಿನ ಮೂರ್ತಿಗಳು ಮತ್ತು ಕಲಾಶಿಕ್ಷಣ

ಕಲೆಯು ಕೇವಲ ಕೈಚಳಕದಿಂದ ಹುಟ್ಟುವುದಿಲ್ಲ. ಮನುಷ್ಯನಿಗೂ ಅವನ ನೆಲಕ್ಕೂ ಇರುವ ನಂಟಿನಿಂದ ಹುಟ್ಟುತ್ತದೆ. ಇದಕ್ಕೆ ನಿದರ್ಶನವನ್ನು ದೂರದಲ್ಲಿ ಅರಸಬೇಕಾಗಿಲ್ಲ. ಹತ್ತರಗಿಯನ್ನೊಳಗೊಂಡ ಹುಕ್ಕೇರಿ-ಗೋಕಾಕ ಸೀಮೆಯೇ ಮೊದಲಾಗಿ ಉತ್ತರ ಕರ್ನಾಟಕದ ಒಕ್ಕಲು ಮನೆತನಗಳಲ್ಲಿ ಮಳೆಗಾಲದೊಳಗೆ ಐದು ಸಲ ಮಣ್ಣಿಗೆ ರೂಪವಿತ್ತು ಪೂಜಿಸುವ ಸಂಪ್ರದಾಯವುಂಟು.

ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣೆತ್ತು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದ ಪಂಚಮಿಗೆ ನಾಗಪ್ಪ, ಭಾದ್ರಪದದ ಚೌತಿಗೆ ಗಣಪ, ಅದೇ ಮಾಸದ ಅಷ್ಟಮಿಯಿಂದ ಹುಣ್ಣಿಮೆಯವರೆಗೆ ಜೋಕುಮಾರ. ಮುಂಗಾರು ಬಿತ್ತನೆಯ ಕಾಲಕ್ಕೆ ದುಡಿಯುವ ಎತ್ತು ಪೂಜ್ಯವಾದರೆ, ಪೈರಿಗೆ ಮಳೆ ಬೇಕಾದ ಹೊತ್ತಿಗೆ ಜೋಕುಮಾರನು ಬೇವಿನ ಸೊಪ್ಪಿನ ನಡುವೆ ಬುಟ್ಟಿಯಲ್ಲಿ ಕುಳಿತು ಮನೆಮನೆಗೆ ಬರುತ್ತಾನೆ. ಮೂರ್ತಿಗಳ ಕ್ರಮವು ಬೇಸಾಯದ ಕ್ರಮವನ್ನೇ ಅನುಸರಿಸಿದೆ.

ಇವುಗಳಲ್ಲಿ ಮಣ್ಣೆತ್ತು ವಿಶೇಷವಾಗಿ ವಿಚಾರಾರ್ಹವಾದುದು. ಕಾರಹುಣ್ಣಿಮೆಯಂದು ಜೀವಂತ ಎತ್ತುಗಳನ್ನು ಸಿಂಗರಿಸಿದ ಮನೆಯವರೇ ಹದಿನೈದು ದಿನಗಳ ತರುವಾಯ ಎರೆಮಣ್ಣು ತಂದು, ಕಲ್ಲು-ಕಸ ಆರಿಸಿ, ಹದವಾಗಿ ಮಿದ್ದು, ಜೋಡೆತ್ತುಗಳನ್ನೂ ಅವುಗಳ ಮುಂದಿಡಲು ಗ್ವಾದಲಿಯನ್ನೂ ಮಾಡುತ್ತಾರೆ. ಬಾಲಕನ ಬೆರಳು ಹಿಣಿಲನ್ನೂ ಗಂಗೆದೊಗಲನ್ನೂ ತಿದ್ದುವುದು ಪುಸ್ತಕದ ಚಿತ್ರವನ್ನು ನೋಡಿಯಲ್ಲ, ಕೊಟ್ಟಿಗೆಯಲ್ಲಿ ಮೈದಡವಿದ ನೆನಪಿನಿಂದ. ‘ಮಣ್ಣೆತ್ತು’ ಎಂಬ ಸಮಾಸವನ್ನು ಮಣ್ಣಿನಿಂದಾದ ಎತ್ತು ಎಂದು ಬಿಡಿಸುವುದು ರೂಢಿ; ಮಣ್ಣನ್ನು ಉಳುವ ಎತ್ತು ಎಂದು ಬಿಡಿಸಿದರೂ ಅರ್ಥಕ್ಕೆ ಹಾನಿಯಿಲ್ಲ. ಉತ್ತ ನೆಲವೇ ಉಳುವ ಎತ್ತಿನ ರೂಪವನ್ನು ತಾಳುತ್ತದೆ. ಆವಿಗೆಯಲ್ಲಿ ಸುಡದ ಈ ಮೂರ್ತಿಯು ನೀರಿನಲ್ಲಿ ಕರಗಿ ಮರಳಿ ಮಣ್ಣಾಗುತ್ತದೆ. ಸಂಗ್ರಹಾಲಯದಲ್ಲಿ ಬಾಳುವುದು ಅದರ ಗುರಿಯಲ್ಲ.

ಇಂದು ಅನೇಕ ಕೊಟ್ಟಿಗೆಗಳಲ್ಲಿ ಎತ್ತುಗಳಿಲ್ಲ. ಉಳುಮೆಗೆ ಟ್ರ್ಯಾಕ್ಟರ್ ಬಂದಿದೆ. ಸಂತೆಯಲ್ಲಿ ಅಚ್ಚಿನಿಂದ ತೆಗೆದು ಬಣ್ಣ ಬಳಿದ ಎತ್ತುಗಳು ದೊರೆಯುತ್ತವೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗಳು ಜಲವನ್ನು ಕೆಡಿಸುವುದರಿಂದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2020ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ಅವುಗಳನ್ನು ನಿಷೇಧಿಸಿತು. ನಿಷೇಧದಿಂದ ನೀರು ಉಳಿದೀತು. ಆದರೆ ಎತ್ತಿನ ಮೈಯನ್ನೇ ಮುಟ್ಟದ ಮಗುವಿನ ಕೈಗೆ ಮಣ್ಣೆತ್ತು ಒಲಿಯುವುದೆಂತು?

ಈ ಪ್ರಶ್ನೆಗೆ ಉತ್ತರವು ಶಾಲೆಗಳಲ್ಲಿದೆ. ಚಿತ್ರಕಲೆಯ ಪಾಠವು ಮೊದಲು ಕೊಟ್ಟಿಗೆಯಲ್ಲಿ, ಅನಂತರ ಹೊಲದಲ್ಲಿ, ಕೊನೆಗೆ ಮಣ್ಣಿನ ಮುದ್ದೆಯ ಮುಂದೆ ನಡೆಯಬೇಕು. ಎತ್ತು ಸಾಕಿದ ರೈತನೂ, ಗುಳ್ಳವ್ವನನ್ನು ಮಾಡಬಲ್ಲ ಅಜ್ಜಿಯೂ, ಊರ ಕುಂಬಾರನೂ ಅಂದು ಗುರುಸ್ಥಾನದಲ್ಲಿ ಕೂಡಬೇಕು. ಮೂರ್ತಿಯ ನುಣುಪಿಗಿಂತ ಮಗುವಿನ ನೋಟಕ್ಕೆ ಹೆಚ್ಚು ಅಂಕ ಸಲ್ಲಬೇಕು. ಸೊಟ್ಟ ಕೋಡಿನ ಎತ್ತಾದರೂ ಚಿಂತೆಯಿಲ್ಲ. ಅದು ಮಗುವು ತಾನೇ ಕಂಡು, ಮುಟ್ಟಿ, ಮಿದ್ದು ಮಾಡಿದ ಎತ್ತಾಗಿರಲಿ.