ಖನ್ಸಾದಲ್ಲಿ ಹದಿನೈದು ದಿನ



2023ರ ಏಷ್ಯನ್ ಕ್ರೀಡಾಕೂಟ ನಡೆದ ಹಾಂಗ್‌ಝೌ ನಗರದ ಹೆಸರು ನಿಮಗೆ ನೆನಪಿರಬಹುದು. ಭಾರತಕ್ಕೆ 107 ಪದಕಗಳು ಬಂದದ್ದು, ಪುರುಷರ ಮತ್ತು ಮಹಿಳೆಯರ ಕ್ರಿಕೆಟ್ ಎರಡರಲ್ಲೂ ಚಿನ್ನ ಸಿಕ್ಕಿದ್ದು ಅಲ್ಲಿಯೇ. ನವುಲೆಯ ಕ್ರಿಕೆಟ್ ಮೈದಾನದ ಆಸುಪಾಸಿನಲ್ಲಿ ಓಡಾಡುವ ನಮ್ಮ ಹುಡುಗರಂತೂ ಮರೆತಿರಲಾರರು. ಅದೇ ನಗರಕ್ಕೆ ಸುಮಾರು 1346ರಲ್ಲಿ ಒಬ್ಬ ಪ್ರವಾಸಿ ಬಂದ. ಅಲ್ಲಿನವರ ಮನೆಯಲ್ಲಿ 15 ದಿನ ಉಳಿದ, ಊರು ಸುತ್ತಿದ, ಅದನ್ನು ಖನ್ಸಾ ಎಂದು ಕರೆದ. ಅದಕ್ಕೂ ಮೊದಲು ಆತ ನಮ್ಮ ಹೊನ್ನಾವರದಲ್ಲಿ ಅತಿಥಿಯಾಗಿದ್ದ. ಆತನೇ ಮೊರೊಕ್ಕೋ ದೇಶದ ಇಬ್ನ್ ಬತೂತ.

ಒಂದು ಅಂಕದ ಪ್ರಶ್ನೆಗೆ ಆತನ ಗ್ರಂಥದ ಹೆಸರು ‘ರಿಹ್ಲಾ’ ಎಂದು ಬರೆದರೆ ಸಾಕು. ಆದರೆ ಆ ಗ್ರಂಥವನ್ನು ಒಬ್ಬ ಅತಿಥಿಯ ಅನುಭವವೆಂದು ಓದಿದರೆ ಬೇರೊಂದು ಪ್ರಶ್ನೆ ಏಳುತ್ತದೆ. ಪರಊರಿಗೆ ಹೋದವನು ನೋಡುವುದು ಆ ಊರನ್ನೋ, ತನ್ನನ್ನು ಉಳಿಸಿಕೊಂಡ ಮನೆಯನ್ನೋ?

1304ರಲ್ಲಿ ಟ್ಯಾಂಜಿಯರ್‌ನಲ್ಲಿ ಹುಟ್ಟಿದ ಇಬ್ನ್ ಬತೂತ 21ನೇ ವಯಸ್ಸಿಗೆ ಹಜ್‌ಗೆಂದು ಮನೆ ಬಿಟ್ಟವನು. ದೆಹಲಿಯಲ್ಲಿ ಮಹಮ್ಮದ್ ಬಿನ್ ತುಘಲಕ್ ಆತನನ್ನು ಖಾಜಿಯಾಗಿ ನೇಮಿಸಿದ. 1342ರಲ್ಲಿ ಚೀನಾದ ಚಕ್ರವರ್ತಿಗೆ ಉಡುಗೊರೆ ಒಯ್ಯುವ ರಾಯಭಾರಿಯಾಗಿ ಕಳಿಸಿದ. ಪಶ್ಚಿಮ ಕರಾವಳಿಯಲ್ಲಿ ಹಡಗೇರಿ ಬಂದ ಆತ ಹೊನ್ನಾವರದಲ್ಲಿ ಇಳಿದ. ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಸಮುದ್ರ ಸೇರುವ ಊರು ಅದು. ಅಲ್ಲಿನ ಸುಲ್ತಾನ ಜಮಾಲುದ್ದೀನನ ಊಟದ ವಿವರವನ್ನು ಆತ ಎಷ್ಟು ಆಸೆಯಿಂದ ಹೇಳುತ್ತಾನೆಂದರೆ ಓದುವವರಿಗೆ ಹಸಿವಾಗಬೇಕು. ಅನ್ನದ ಮೇಲೆ ತುಪ್ಪ, ಮೆಣಸು, ಹಸಿಶುಂಠಿ, ನಿಂಬೆ ಮತ್ತು ಮಾವಿನ ಉಪ್ಪಿನಕಾಯಿ, ಕೋಳಿಯ ಬಗೆಗಳು, ಕೊನೆಗೆ ಮೊಸರು. ಕುಡಿಯಲು ಬಿಸಿನೀರು, ಮಳೆಗಾಲದಲ್ಲಿ ತಣ್ಣೀರು ಆಗದು ಎಂಬ ಕಾರಣಕ್ಕೆ. (ನಮ್ಮ ಮನೆಗಳಲ್ಲಿ ಅಜ್ಜಿಯರು ಇಂದಿಗೂ ಹೇಳುವುದು ಇದನ್ನೇ.) ಇನ್ನೊಮ್ಮೆ ಬಂದಾಗ 11 ತಿಂಗಳು ರೊಟ್ಟಿಯ ಮುಖವನ್ನೇ ನೋಡದೆ ಅನ್ನದಲ್ಲೇ ಕಳೆದನಂತೆ. ಊರಿನಲ್ಲಿ ಗಂಡು ಮಕ್ಕಳಿಗೆ 23, ಹೆಣ್ಣು ಮಕ್ಕಳಿಗೆ 13 ಶಾಲೆಗಳಿದ್ದವೆಂದೂ ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲವೆಂದೂ ಆತ ದಾಖಲಿಸಿದ್ದಾನೆ. ವಿದ್ಯಾರ್ಥಿನಿಯರು ಈ ಸಾಲನ್ನು ಗುರುತು ಹಾಕಿಟ್ಟುಕೊಳ್ಳಬಹುದು.

ಕಲ್ಲಿಕೋಟೆಯಲ್ಲಿ ಶುಕ್ರವಾರದ ನಮಾಜಿಗೆಂದು ಆತ ದಡದಲ್ಲಿ ಉಳಿದಿದ್ದಾಗ ಬಿರುಗಾಳಿ ಎದ್ದು, ಉಡುಗೊರೆ ತುಂಬಿದ್ದ ಹಡಗು ಒಡೆದುಹೋಯಿತು. ಬರಿಗೈಯಲ್ಲಿ ದೆಹಲಿಗೆ ಮರಳಲು ಧೈರ್ಯ ಸಾಲಲಿಲ್ಲ. ಮಾಲ್ಡೀವ್ಸ್, ಲಂಕೆ, ಬಂಗಾಳ, ಸುಮಾತ್ರಾ ಸುತ್ತಿ ಕೊನೆಗೆ ಚೀನಾದ ಕ್ವಾನ್‌ಝೌ ಬಂದರಿಗೆ ತಲುಪಿದ.

ಚೀನಾದಲ್ಲಿ ಪರದೇಶದ ಮುಸ್ಲಿಂ ವ್ಯಾಪಾರಿಗೆ ಎರಡು ದಾರಿಗಳಿದ್ದವು ಎನ್ನುತ್ತಾನೆ ಇಬ್ನ್ ಬತೂತ. ಅಲ್ಲೇ ನೆಲೆಸಿದ ಮುಸ್ಲಿಂ ವ್ಯಾಪಾರಿಯ ಮನೆಯಲ್ಲಿ ಉಳಿಯಬಹುದು, ಇಲ್ಲವೇ ಛತ್ರದಲ್ಲಿ. ಮನೆಯಲ್ಲಿ ಉಳಿದರೆ ಅತಿಥಿಯ ಹಣವನ್ನು ಎಣಿಸಿ ಆತಿಥೇಯನ ವಶಕ್ಕೆ ಕೊಡುತ್ತಿದ್ದರು. ಖರ್ಚು ಅವನ ಕೈಯಿಂದಲೇ ನಡೆಯಬೇಕು. ಹೊರಡುವಾಗ ಲೆಕ್ಕ ತಪ್ಪಿದರೆ ಆತಿಥೇಯನೇ ತುಂಬಿಕೊಡಬೇಕು. ದಾರಿಯ ತಂಗುದಾಣಗಳಲ್ಲಿ ರಾತ್ರಿ ಅಧಿಕಾರಿಯೊಬ್ಬ ಬರೆಯುವವನೊಂದಿಗೆ ಬಂದು, ಉಳಿದವರ ಹೆಸರು ಬರೆಸಿ, ಮೊಹರು ಹಾಕಿ, ಬಾಗಿಲಿಗೆ ಬೀಗ ಜಡಿಯುತ್ತಿದ್ದ. ಬೆಳಗ್ಗೆ ಮತ್ತೆ ಹೆಸರು ಕರೆದು, ಮುಂದಿನ ತಂಗುದಾಣದವರೆಗೆ ಜೊತೆಗೆ ಆಳು ಕಳಿಸಿ, ಎಲ್ಲರೂ ತಲುಪಿದರೆಂಬ ಪತ್ರ ತರಿಸಿಕೊಳ್ಳುತ್ತಿದ್ದ. ಒಂಟಿ ಪ್ರಯಾಣಿಕನಿಗೆ ಇಷ್ಟು ಸುರಕ್ಷಿತವಾದ ದೇಶ ಮತ್ತೊಂದಿಲ್ಲ ಎಂಬುದು ಆತನ ತೀರ್ಮಾನ. ಈಗಲೂ ಚೀನಾದಲ್ಲಿ ಹೋಟೆಲ್ ಬಿಟ್ಟು ಯಾರದಾದರೂ ಮನೆಯಲ್ಲಿ ಉಳಿಯುವ ವಿದೇಶಿಯರು 24 ಗಂಟೆಯೊಳಗೆ ಪೊಲೀಸರಲ್ಲಿ ನೋಂದಾಯಿಸಬೇಕು. ವೈದ್ಯಕೀಯ ಓದಲು ಅಲ್ಲಿಗೆ ಹೋಗುವ ನಮ್ಮ ವಿದ್ಯಾರ್ಥಿಗಳಿಗೂ ಈ ನಿಯಮ ಅನ್ವಯಿಸುತ್ತದೆ.

ವಾಣಿಜ್ಯ ವಿಭಾಗದವರಿಗೆ ಇಲ್ಲೊಂದು ಸ್ವಾರಸ್ಯವಿದೆ. ತುಘಲಕನ ಸಾಂಕೇತಿಕ ನಾಣ್ಯ ಸೋತ ಕಥೆಯನ್ನು ನೀವು ಓದಿದ್ದೀರಿ. ಅದೇ ತುಘಲಕನ ರಾಯಭಾರಿ ಚೀನಾದಲ್ಲಿ ಕಾಗದದ ಹಣ ಚಲಾವಣೆಯಲ್ಲಿರುವುದನ್ನು ಕಣ್ಣಾರೆ ಕಂಡ. ಅಂಗೈಯಷ್ಟು ಅಗಲದ ಕಾಗದ, ಮೇಲೆ ರಾಜಮುದ್ರೆ. ಹರಿದರೆ ಸರ್ಕಾರಿ ಕಚೇರಿಯಲ್ಲಿ ಶುಲ್ಕವಿಲ್ಲದೆ ಹೊಸದು ಕೊಡುತ್ತಿದ್ದರು. ಬೆಳ್ಳಿ ನಾಣ್ಯ ಹಿಡಿದು ಪೇಟೆಗೆ ಹೋದರೆ ಯಾರೂ ಮುಟ್ಟುತ್ತಿರಲಿಲ್ಲ. ದೆಹಲಿಯಲ್ಲಿ ಮನೆಮನೆಯಲ್ಲೂ ನಕಲಿ ತಾಮ್ರದ ನಾಣ್ಯ ತಯಾರಾದದ್ದು ಏಕೆ, ಅಲ್ಲಿ ಕಾಗದವೇ ನಡೆದದ್ದು ಏಕೆ ಎಂದು ಅರ್ಥಶಾಸ್ತ್ರದ ತರಗತಿಯಲ್ಲಿ ಕೇಳಿ.

ಖನ್ಸಾ ತಾನು ಭೂಮಿಯ ಮೇಲೆ ಕಂಡ ಅತಿ ದೊಡ್ಡ ನಗರ ಎನ್ನುತ್ತಾನೆ. ದಾಟಲು ಮೂರು ದಿನ ಬೇಕು. ಒಂದರೊಳಗೆ ಒಂದಿದ್ದಂತೆ ಆರು ಪಟ್ಟಣಗಳು, ಒಂದೊಂದಕ್ಕೂ ಪ್ರತ್ಯೇಕ ಗೋಡೆ. ಮೂರನೆಯದು ಮುಸ್ಲಿಮರದು. ಅದನ್ನು ಪ್ರವೇಶಿಸುವಾಗಲೇ ಮಧ್ಯಾಹ್ನದ ಅಜಾನ್ ಕೇಳಿಸಿತಂತೆ. ಅಲ್ಲಿ ಆತ ಇಳಿದುಕೊಂಡದ್ದು ಉಸ್ಮಾನ್ ಎಂಬ ಈಜಿಪ್ಟ್ ವ್ಯಾಪಾರಿಯ ವಂಶಸ್ಥರ ಮನೆಯಲ್ಲಿ. ಊರು ಮೆಚ್ಚಿ ಅಲ್ಲೇ ನೆಲೆನಿಂತ ಆ ವ್ಯಾಪಾರಿ ಮಸೀದಿಯನ್ನೂ ಖಾನ್‌ಖಾವನ್ನೂ ಕಟ್ಟಿಸಿದ್ದ. ಮಕ್ಕಳು ಚೀನಾದವರೇ ಆಗಿದ್ದರು. 15 ದಿನವೂ ಹಗಲು ರಾತ್ರಿ ಒಂದಲ್ಲ ಒಂದು ಕಡೆ ಔತಣ. ದಿನಕ್ಕೊಂದು ಬಡಾವಣೆಗೆ ಕುದುರೆಯ ಮೇಲೆ ಸುತ್ತಾಟ.

ಬಳಿಕ ನಗರದ ಅಮೀರ ಖುರ್ತಾಯ್ ತನ್ನ ಮಗನ ಜೊತೆ ಇವರನ್ನು ಕಾಲುವೆಯಲ್ಲಿ ದೋಣಿ ವಿಹಾರಕ್ಕೆ ಕಳಿಸಿದ. ಗಾಯಕರು ಚೀನೀ, ಅರಬ್ಬಿ, ಪಾರ್ಸಿ ಮೂರೂ ಭಾಷೆಗಳಲ್ಲಿ ಹಾಡಿದರು. ಅಮೀರನ ಮಗನಿಗೆ ಒಂದು ಪಾರ್ಸಿ ಹಾಡು ಎಷ್ಟು ಹಿಡಿಸಿತೆಂದರೆ, ಮತ್ತೆ ಮತ್ತೆ ಹಾಡಿಸಿದ. ಕೇಳಿ ಕೇಳಿ ಇಬ್ನ್ ಬತೂತನಿಗೇ ಬಾಯಿಪಾಠವಾಯಿತು. ಅದು ಶಿರಾಜಿನ ಸಾದಿಯ ಪದ್ಯವೆಂದು ವಿದ್ವಾಂಸರು ನಂತರ ಗುರುತಿಸಿದ್ದಾರೆ. ಕವಿ ತೀರಿಕೊಂಡು ಅರ್ಧ ಶತಮಾನ ಕಳೆದ ಮೇಲೂ ಆತನ ಸಾಲು ಚೀನಾದ ಕಾಲುವೆಯ ಮೇಲೆ ತೇಲುತ್ತಿತ್ತು!

ಖುರ್ತಾಯ್‌ನ ಔತಣದಲ್ಲೇ ಜಾದೂಗಾರನೊಬ್ಬ ಉದ್ದನೆಯ ಬಾರು ಕಟ್ಟಿದ ಮರದ ಚೆಂಡನ್ನು ಆಕಾಶಕ್ಕೆಸೆದು, ಆ ಬಾರು ಹಿಡಿದು ಹುಡುಗನೊಬ್ಬ ಮೇಲೇರಿ ಮರೆಯಾಗುವಂತೆ ಮಾಡಿದ. ಹಿಂದೆಯೇ ತಾನೂ ಏರಿದ. ಹುಡುಗನ ಕೈಕಾಲುಗಳು ಒಂದೊಂದಾಗಿ ಕೆಳಗೆ ಬಿದ್ದವು, ಆಮೇಲೆ ಹುಡುಗ ಎದ್ದು ನಿಂತ. ಇಬ್ನ್ ಬತೂತನ ಎದೆ ಹೊಡೆದುಕೊಂಡು ಔಷಧಿ ಕುಡಿಸಬೇಕಾಯಿತು. ಪಕ್ಕದಲ್ಲಿದ್ದ ಖಾಜಿ ಮಾತ್ರ, ಯಾರೂ ಏರಿಲ್ಲ, ಇಳಿದಿಲ್ಲ, ಎಲ್ಲ ಕಣ್ಕಟ್ಟು ಎಂದ. ವಿಜ್ಞಾನ ವಿಭಾಗದವರು ಆ ಖಾಜಿಯನ್ನು ನೆನಪಿಡಿ.

ಇಷ್ಟೆಲ್ಲ ಸತ್ಕಾರ ಪಡೆದವನು ಚೀನಾ ತನಗೆ ಹಿಡಿಸಲಿಲ್ಲ ಎಂದು ನೇರವಾಗಿ ಹೇಳುತ್ತಾನೆ. ಹೊರಗೆ ಕಾಲಿಟ್ಟರೆ ಒಪ್ಪದ ಸಂಗತಿಗಳೇ ಕಣ್ಣಿಗೆ ಬೀಳುತ್ತಿದ್ದವು. ಹಾಗಾಗಿ ಅಗತ್ಯವಿದ್ದರಷ್ಟೇ ಹೊರಗೆ ಹೋಗುತ್ತಿದ್ದೆ. ಮುಸ್ಲಿಮರನ್ನು ಕಂಡರೆ ಬಂಧುಗಳನ್ನೇ ಕಂಡಂತಾಗುತ್ತಿತ್ತು ಎನ್ನುತ್ತಾನೆ. ದೂರದೂರಿನ ಹಾಸ್ಟೆಲ್ ಸೇರಿದ ಮೊದಲ ತಿಂಗಳನ್ನು ನೆನೆದರೆ ಇದು ನಮಗೆ ಅರ್ಥವಾಗದ ಮಾತಲ್ಲ. ಆದರೆ ಇತಿಹಾಸದ ವಿದ್ಯಾರ್ಥಿ ಇಲ್ಲಿ ನಿಲ್ಲಬೇಕು. ಮನೆಯೊಳಗೇ ಕುಳಿತವನ ಮಾತನ್ನು ಇಡೀ ದೇಶದ ಚಿತ್ರವೆಂದು ನಂಬಬಹುದೇ? ಚೀನಾದ ಚಕ್ರವರ್ತಿ ಕೊಲೆಯಾದ, ಆತನ ಶವಸಂಸ್ಕಾರವನ್ನು ತಾನು ಕಂಡೆ ಎಂದು ಬರೆಸುತ್ತಾನೆ; ಆಗ ಆಳುತ್ತಿದ್ದ ತೊಘೋನ್ ತೆಮುರ್ ಬದುಕಿದ್ದು 1370ರವರೆಗೆ. ಆತ ಬೀಜಿಂಗ್‌ಗೆ ಹೋಗಿಯೇ ಇಲ್ಲ ಎಂದು ಹಲವು ಇತಿಹಾಸಕಾರರು ಹೇಳುವುದಕ್ಕೆ ಇದೂ ಒಂದು ಕಾರಣ. ಹೊನ್ನಾವರ ಮತ್ತು ಬಾರ್ಕೂರಿನ ನಡುವೆ ಕಡಲ್ಗಳ್ಳರು ಆತನನ್ನು ಉಟ್ಟ ಬಟ್ಟೆಯ ಹೊರತು ಎಲ್ಲವನ್ನೂ ಕಿತ್ತುಕೊಂಡು ಬಿಟ್ಟಿದ್ದರು. ಗ್ರಂಥ ಮುಗಿದದ್ದು 1355ರಲ್ಲಿ, ಫೆಜ್ ನಗರದಲ್ಲಿ, ಬಹುಪಾಲು ನೆನಪಿನಿಂದ.

ಹಾಗೆಂದು ಆತ ಕಣ್ಣು ಮುಚ್ಚಿಕೊಂಡಿದ್ದವನೂ ಅಲ್ಲ. ಗುವಾಂಗ್‌ಝೌ ನಗರದ ದೊಡ್ಡ ದೇವಾಲಯವೊಂದರಲ್ಲಿ ಕುರುಡರಿಗೆ, ಅಂಗವಿಕಲರಿಗೆ ಕೋಣೆಗಳಿದ್ದುದನ್ನೂ, ವಿಧವೆಯರಿಗೆ, ಅನಾಥರಿಗೆ, ದುಡಿಯಲಾಗದ ಮುದುಕರಿಗೆ ಅನ್ನ ಬಟ್ಟೆ ಸಿಗುತ್ತಿದ್ದುದನ್ನೂ ಮೆಚ್ಚಿ ಹೇಳುತ್ತಾನೆ. ತನಗೆ ಹಿಡಿಸದ ದೇಶದ, ತನ್ನದಲ್ಲದ ಧರ್ಮದ ಆಲಯ ಅದು. ಮನೆಯಿಂದ ಹೊರಗೆ ಬಂದ ದಿನ ಕಂಡದ್ದನ್ನು ಕಂಡಂತೆ ಹೇಳಿದ್ದಾನೆ.

ಖನ್ಸಾಕ್ಕೆ ಹೋಗುವ ದಾರಿಯ ಒಂದು ಊರಿನಲ್ಲಿ ಆತನಿಗೆ ಅಲ್ ಬುಶ್ರಿ ಎಂಬ ಶ್ರೀಮಂತ ಎದುರಾದ. ಮುಖವನ್ನೇ ದಿಟ್ಟಿಸಿ ಊರು ಕೇಳಿದರೆ ಸಿಯೂಟಾ, ಟ್ಯಾಂಜಿಯರ್‌ನ ಪಕ್ಕದ ಊರು. ದೆಹಲಿಯಲ್ಲಿ ಮೀಸೆ ಮೂಡದ ಹುಡುಗನಾಗಿ ಕಂಡವನೇ ಅವನು. ಇಬ್ಬರೂ ಅತ್ತರು. ಕೆಲವು ವರ್ಷಗಳ ಬಳಿಕ ಸಹಾರಾ ಮರುಭೂಮಿಯ ಅಂಚಿನ ಸಿಜಿಲ್ಮಾಸಾದಲ್ಲಿ ಇಬ್ನ್ ಬತೂತ ಉಳಿದದ್ದು ಅದೇ ಬುಶ್ರಿಯ ಅಣ್ಣತಮ್ಮನ ಮನೆಯಲ್ಲಿ.

ಈ ರಜೆಯಲ್ಲಿ ಸಾಗರ, ತಾಳಗುಪ್ಪ ದಾಟಿ ಹೊನ್ನಾವರದ ಕಡೆ ಹೋಗುವವರಿಗೆ, ಅಥವಾ ಎಲ್ಲಿಯಾದರೂ ನೆಂಟರ ಮನೆಯಲ್ಲಿ ಉಳಿಯುವವರಿಗೆ ಒಂದು ಕೆಲಸ. ಎರಡು ಪುಟ ಬರೆದು ತನ್ನಿ: ಮೊದಲ ಪುಟದಲ್ಲಿ ಮನೆಯವರು ನಿಮಗೆ ತೋರಿಸಿದ್ದು, ಎರಡನೆಯದರಲ್ಲಿ ನೀವಾಗಿಯೇ ಹೋಗಿ ನೋಡಿದ್ದು.